ಚಿಪ್ಪಿನ ಪುಸ್ತಕ ಬೇರೆ, ಯಂತ್ರದ ಪುಸ್ತಕ ಬೇರೆ

169, 72, 32, 210, 255, 96.

ಕಾಮೊಡೋರ್ 64 ಕಂಪ್ಯೂಟರಿನ ಮೆಮೊರಿಯಲ್ಲಿ 49152ನೇ ಮನೆಯಿಂದ ಶುರುಮಾಡಿ ಈ ಆರು ಅಂಕಿಗಳನ್ನು ಸಾಲಾಗಿ ಇಟ್ಟು, ‘ಎಸ್‌ವೈಎಸ್ 49152’ ಎಂದು ಟೈಪಿಸಿ ರಿಟರ್ನ್ ಒತ್ತಿದರೆ ತೆರೆಯ ಮೇಲೆ ‘ಎಚ್’ ಎಂಬ ಇಂಗ್ಲಿಷ್ ಅಕ್ಷರ ಮೂಡುತ್ತದೆ. ಅಷ್ಟೇ. 169 ಎಂದರೆ ‘ಮುಂದಿನ ಅಂಕಿಯನ್ನು ಎ ರಿಜಿಸ್ಟರಿಗೆ, ಅಂದರೆ ಚಿಪ್ಪಿನೊಳಗಿನ ಪುಟ್ಟ ಗೂಡಿಗೆ, ತುಂಬಿಕೊ’. 72 ಎಂಬುದು ‘ಎಚ್’ನ ಸಂಕೇತ. 32 ಎಂದರೆ ‘ನಾನು ಹೇಳುವ ವಿಳಾಸಕ್ಕೆ ಹೋಗಿ, ಅಲ್ಲಿನ ಕೆಲಸ ಮುಗಿಸಿಕೊಂಡು ಬಾ’. ವಿಳಾಸ ಯಾವುದೆಂಬುದು 210 ಮತ್ತು 255ರಲ್ಲಿದೆ. ಬಾಲ ಮೊದಲು, ತಲೆ ಆಮೇಲೆ. 255ನ್ನು 256ರಿಂದ ಗುಣಿಸಿ 210 ಕೂಡಿಸಿದರೆ 65490. ಅಕ್ಷರವನ್ನು ತೆರೆಗೆ ಬರೆಯುವ ಕೆಲಸವನ್ನು ಕಾಮೊಡೋರ್ ಕಂಪನಿ ರಾಮ್‌ನಲ್ಲಲ್ಲ, ಅಳಿಸಲಾಗದ ರೋಮ್‌ನಲ್ಲಿ ಬರೆದಿಟ್ಟಿದೆ. ಅದರ ಬಾಗಿಲು ಆ ವಿಳಾಸದಲ್ಲಿದೆ. ಕೊನೆಯ 96, ‘ಕರೆದವರ ಬಳಿಗೆ ಹಿಂತಿರುಗು’.

ಈಗ ಇವನ್ನೇ ಇನ್ನೊಂದು ರೀತಿಯಲ್ಲಿ ನೋಡೋಣ. 169, 32, 96 – ಈ ಮೂರೂ ಪ್ರೊಸೆಸರ್ ಚಿಪ್ಪಿಗೆ ಸೇರಿದ ಸಂಗತಿಗಳು. 6502 ಮನೆತನದ ಚಿಪ್ ಇರುವ ಯಾವ ಕಂಪ್ಯೂಟರಿಗೆ ಹೋದರೂ, ಅದು ಆಪಲ್ 2 ಇರಲಿ, ಅಟಾರಿ ಇರಲಿ, ಬಿಬಿಸಿ ಮೈಕ್ರೊ ಇರಲಿ, ಅರ್ಥ ಬದಲಾಗುವುದಿಲ್ಲ. ಮಿಕ್ಕ ಮೂರು ಹಾಗಲ್ಲ. ಅಕ್ಷರ ಬರೆಯುವ ಬಾಗಿಲು ಬಿಬಿಸಿ ಮೈಕ್ರೊದಲ್ಲಿ 65518ರಲ್ಲಿದೆ, ಆಪಲ್ 2ರಲ್ಲಿ 65005ರಲ್ಲಿದೆ. ಆಪಲ್‌ಗಂತೂ ‘ಎಚ್’ ಎಂದರೆ 72 ಅಲ್ಲ, 128 ಸೇರಿಸಿ 200. ಅಂದರೆ ಈ ಪುಟಾಣಿ ಪ್ರೋಗ್ರಾಮಿನ ಅರ್ಧ ಚಿಪ್ಪಿನದು, ಅರ್ಧ ಯಂತ್ರದ್ದು. ಎರಡರಲ್ಲಿ ಒಂದು ಗೊತ್ತಿಲ್ಲದಿದ್ದರೂ ತೆರೆಯ ಮೇಲೆ ಏನೂ ಬರುವುದಿಲ್ಲ.

ಹೀಗೆ ಅಂಕಿಗಳಲ್ಲೇ ಚಿಪ್ಪಿಗೆ ಆಜ್ಞೆ ಕೊಡುವ ಯಂತ್ರಭಾಷೆಯನ್ನು ಕಲಿಸುವ ಹಳೆಯ ಪುಸ್ತಕಗಳಲ್ಲೂ ಇದೇ ಎರಡು ಜಾತಿ. ಒಂದು ಚಿಪ್ಪಿನ ಪುಸ್ತಕ, ಇನ್ನೊಂದು ಯಂತ್ರದ ಪುಸ್ತಕ. ಹಳೇ ಕಂಪ್ಯೂಟರಿನ ಹುಚ್ಚು ಹತ್ತಿಸಿಕೊಂಡವರು ಹೊಸಬರಿಗೆ ಪುಸ್ತಕ ಸೂಚಿಸುವಾಗ ಮಾಡುವ ಎಡವಟ್ಟು ಬಹುಪಾಲು ಇಲ್ಲೇ: ಯಂತ್ರದ ಪುಸ್ತಕ ಬೇಕಾದವರ ಕೈಗೆ ಚಿಪ್ಪಿನ ಪುಸ್ತಕ ಇಡುತ್ತಾರೆ. ಅದನ್ನು ಹಿಡಿದು ಕೂತವರು ಐವತ್ತನೇ ಪುಟದ ಹೊತ್ತಿಗೆ ‘ಇದು ನನ್ನ ಕೈಲಾಗದ ಕೆಲಸ’ ಎಂದು ಎದ್ದು ಹೋಗುತ್ತಾರೆ.

ಇಪ್ಪತ್ತೈದು ಡಾಲರಿನ ಚಿಪ್

ಪುಸ್ತಕಗಳ ಮಾತಿಗೆ ಮೊದಲು ಇವೆಲ್ಲ ಹುಟ್ಟಿದ ಕಾಲದ ಬಗ್ಗೆ ನಾಲ್ಕು ಮಾತು. 1975ರ ಸೆಪ್ಟೆಂಬರಿನಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದ ವೆಸ್ಕಾನ್ ಎಲೆಕ್ಟ್ರಾನಿಕ್ಸ್ ಮೇಳಕ್ಕೆ ಎಂಒಎಸ್ ಟೆಕ್ನಾಲಜಿ ಎಂಬ ಪೆನ್ಸಿಲ್ವೇನಿಯಾದ ಕಂಪನಿ 6502 ಚಿಪ್ ತಂದಿತು. ಬೆಲೆ 25 ಡಾಲರ್. ಇಂಟೆಲ್, ಮೊಟೊರೊಲಾ ಪ್ರೊಸೆಸರುಗಳಿಗೆ ನೂರಾರು ಡಾಲರ್ ತೆರಬೇಕಿದ್ದ ದಿನಗಳವು. ಮೇಳದ ಒಳಗೆ ಮಾರಾಟಕ್ಕೆ ಅವಕಾಶ ಇರಲಿಲ್ಲವೆಂದು ಚಕ್ ಪೆಡಲ್ ಮತ್ತು ಅವರ ಸಂಗಡಿಗರು ಹತ್ತಿರದ ಹೋಟೆಲಿನ ಕೋಣೆಯಲ್ಲಿ ಚಿಪ್ಪುಗಳನ್ನು ಜಾಡಿಯಲ್ಲಿ ತುಂಬಿಟ್ಟುಕೊಂಡು ಮಾರಿದರು. ಕೊಂಡವರಲ್ಲಿ ಸ್ಟೀವ್ ವೊಜ್ನಿಯಾಕ್ ಕೂಡ ಒಬ್ಬ. ಆಪಲ್ ಹುಟ್ಟಿದ್ದು ಆ ಚಿಪ್ಪಿನ ಮೇಲೆಯೇ. ಮರುವರ್ಷ ಝೈಲಾಗ್ ಕಂಪನಿಯಿಂದ, ಇಂಟೆಲ್ ಬಿಟ್ಟು ಬಂದಿದ್ದ ಫೆಡೆರಿಕೊ ಫಾಜಿನ್ ಮತ್ತು ಮಸತೋಶಿ ಶಿಮಾ ರೂಪಿಸಿದ ಝಡ್80 ಬಂತು. ಮನೆಗಳಿಗೆ ಬಂದ ಎಂಟು ಬಿಟ್ ಕಂಪ್ಯೂಟರುಗಳ ಚರಿತ್ರೆ ಬಹುಮಟ್ಟಿಗೆ ಈ ಎರಡು ಚಿಪ್ಪುಗಳ ಚರಿತ್ರೆ.

1982ರಲ್ಲಿ ಬ್ರಿಟನ್ನಿನ ಸಿಂಕ್ಲೇರ್ ಕಂಪನಿ ಝಡ್80 ಇರುವ ಝಡ್‌ಎಕ್ಸ್ ಸ್ಪೆಕ್ಟ್ರಂ ಹೊರತಂದಿತು. 16 ಕಿಲೋಬೈಟಿನದಕ್ಕೆ 125 ಪೌಂಡ್, 48ರದಕ್ಕೆ 175. ಅದೇ ವರ್ಷ ಅಮೆರಿಕದಲ್ಲಿ 595 ಡಾಲರಿಗೆ ಕಾಮೊಡೋರ್ 64 ಬಂತು. ಎರಡನ್ನೂ ಟೀವಿಗೆ ಸಿಕ್ಕಿಸಿ ಸ್ವಿಚ್ ಒತ್ತಿದರೆ ನೇರ ಬೇಸಿಕ್ ಭಾಷೆ ಕಾದಿರುತ್ತಿತ್ತು. ಬೇಸಿಕ್ ಕಲಿಯುವುದು ಸುಲಭ, ಆದರೆ ಆಮೆವೇಗ. ಕಾಮೊಡೋರ್ 64ರ ತೆರೆಯಲ್ಲಿ 40 ಅಕ್ಷರಗಳ 25 ಸಾಲು, ಒಟ್ಟು ಸಾವಿರ ಮನೆ. ಅಷ್ಟನ್ನೂ ಬೇಸಿಕ್‌ನಲ್ಲಿ ಒಂದೊಂದಾಗಿ ತುಂಬಿಸಲು ಹೊರಟರೆ ಅಕ್ಷರಗಳು ಹರಿಯುವುದು ಕಣ್ಣಿಗೇ ಕಾಣುತ್ತದೆ. ಕೆಲವು ಸೆಕೆಂಡು ಕಾಯಬೇಕು. ಯಂತ್ರಭಾಷೆಯಲ್ಲಿ ಬರೆದರೆ ಅದೇ ಕೆಲಸಕ್ಕೆ ಏಳು ಸಾವಿರಕ್ಕಿಂತ ಕಡಿಮೆ ಗಡಿಯಾರದ ಮಿಡಿತ ಸಾಕು. ಆ ಯಂತ್ರದ ಗಡಿಯಾರ ಸೆಕೆಂಡಿಗೆ ಸುಮಾರು ಹತ್ತು ಲಕ್ಷ ಸಲ ಮಿಡಿಯುತ್ತದೆ. ಲೆಕ್ಕ ನೀವೇ ಹಾಕಿಕೊಳ್ಳಿ. ಆಟ ಬರೆಯುವ ಆಸೆ ಇದ್ದ ಹದಿನಾಲ್ಕು ವರ್ಷದ ಹುಡುಗರಿಗೆಲ್ಲ ಯಂತ್ರಭಾಷೆ ಬೇಕೇ ಬೇಕಿತ್ತು. ಪ್ರಕಾಶಕರಿಗೆ ಹಬ್ಬವೋ ಹಬ್ಬ.

ಝಾಕ್ಸ್ ಮತ್ತು ಲೆವೆಂಥಾಲ್

ಆ ಹಬ್ಬಕ್ಕೆ ಮೊದಲೇ ಬಂದು ಕೂತಿದ್ದವರು ರಾಡ್ನಿ ಝಾಕ್ಸ್. ಪ್ಯಾರಿಸ್‌ನಲ್ಲಿ ಹುಟ್ಟಿ, ಬರ್ಕ್ಲಿಯಲ್ಲಿ ಡಾಕ್ಟರೇಟ್ ಮಾಡಿ, 1976ರಲ್ಲಿ ಸೈಬೆಕ್ಸ್ ಎಂಬ ಪ್ರಕಾಶನ ಸಂಸ್ಥೆಯನ್ನೇ ಕಟ್ಟಿದವರು. ಅವರ ‘ಪ್ರೋಗ್ರಾಮಿಂಗ್ ದ 6502’ 1978ರದು. ಅದರ ಬೆನ್ನಿಗೇ ಬಂದ ‘ಪ್ರೋಗ್ರಾಮಿಂಗ್ ದ ಝಡ್80’ 600 ಪುಟ ಮೀರುವ ದಪ್ಪ ಗ್ರಂಥ. ಇಂದಿಗೂ ಪುಸ್ತಕ ಯಾವುದೆಂದು ಕೇಳಿದರೆ ಮೊದಲು ಬರುವ ಹೆಸರು ಇದೇ. ದೆಹಲಿಯ ಬಿಪಿಬಿ ಸಂಸ್ಥೆ ಇದನ್ನು ಭಾರತದಲ್ಲಿ ಮರುಮುದ್ರಿಸಿದ್ದರಿಂದ ನಮ್ಮ ಎಂಜಿನಿಯರಿಂಗ್ ಕಾಲೇಜುಗಳ ಲೈಬ್ರರಿ ಕಪಾಟುಗಳಿಗೂ ಅದು ಬಂದು ಸೇರಿತು.

ಒಳ್ಳೆಯ ಪುಸ್ತಕ, ಅನುಮಾನವಿಲ್ಲ. ಒಂದೊಂದು ಆಜ್ಞೆಗೂ ಪ್ರತ್ಯೇಕ ಜಾಗ. ಯಾವ ರಿಜಿಸ್ಟರಿನಿಂದ ಯಾವ ರಿಜಿಸ್ಟರಿಗೆ ಏನು ಹರಿಯುತ್ತದೆ, ಎಷ್ಟು ಮಿಡಿತ ಹಿಡಿಯುತ್ತದೆ, ಫಲಿತಾಂಶದ ಗುರುತು ಹಿಡಿಯುವ ಯಾವ ಫ್ಲ್ಯಾಗ್ ಬದಲಾಗುತ್ತದೆ, ಎಲ್ಲ ಚಿತ್ರಸಹಿತ. ಆದರೆ ಅದರಲ್ಲಿ ನಿಮ್ಮ ಯಂತ್ರದ ತೆರೆ ಎಂಬುದೇ ಇಲ್ಲ. ಕೀಬೋರ್ಡ್ ಇಲ್ಲ, ಸದ್ದಿಲ್ಲ, ಬಣ್ಣವಿಲ್ಲ. ಎರಡು ಸಂಖ್ಯೆ ಕೂಡಿಸಿ ಮೆಮೊರಿಯ ಇನ್ನೊಂದು ಮನೆಯಲ್ಲಿ ಇಟ್ಟರೆ ಪಾಠ ಮುಗಿಯಿತು. ಉತ್ತರ ಸರಿಯಿದೆಯೇ ಎಂದು ನೋಡುವುದು ಹೇಗೆ ಎಂಬುದು ಓದುಗನ ಪಾಡು. ನಿಘಂಟು ಓದಿ ಮಾತು ಕಲಿತವರು ಯಾರೂ ಇಲ್ಲ. ಝಾಕ್ಸ್ ಅವರ ಪುಸ್ತಕ ಕಲಿತವರ ಮೇಜಿನ ಮೇಲಿರಬೇಕಾದದ್ದು, ಕಲಿಯುವವರ ಕೈಗೆ ಮೊದಲ ದಿನವೇ ಕೊಡುವಂಥದ್ದಲ್ಲ.

ಲ್ಯಾನ್ಸ್ ಲೆವೆಂಥಾಲ್ ಅವರ ‘6502 ಅಸೆಂಬ್ಲಿ ಲಾಂಗ್ವೇಜ್ ಪ್ರೋಗ್ರಾಮಿಂಗ್’ (1979) ಇದಕ್ಕಿಂತ ಒಂದು ಕೈ ಮೇಲು ಎಂಬುದು ನನ್ನ ಅಭಿಪ್ರಾಯ. ಅವರದು ಲೆಕ್ಕದ ಮೇಷ್ಟ್ರ ಪದ್ಧತಿ. ಸಮಸ್ಯೆ ಏನು, ಮಾದರಿ ದತ್ತಾಂಶ ಯಾವುದು, ಫ್ಲೋಚಾರ್ಟ್ ಹೇಗೆ, ಪ್ರೋಗ್ರಾಮ್ ಹೇಗೆ, ಅದನ್ನು ಅಂಕಿಗಳಾಗಿಸಿದರೆ ಹೇಗೆ ಕಾಣುತ್ತದೆ – ಈ ಅನುಕ್ರಮ ತಪ್ಪುವುದೇ ಇಲ್ಲ. ಅಧ್ಯಾಯದ ಕೊನೆಗೆ ಅಭ್ಯಾಸ. ಆಮೇಲೆ ವಿನ್‌ಥ್ರಾಪ್ ಸವಿಲ್ ಜೊತೆ ಸೇರಿ ಅವರು ಬರೆದ ‘6502 ಅಸೆಂಬ್ಲಿ ಲಾಂಗ್ವೇಜ್ ಸಬ್‌ರುಟೀನ್ಸ್’ ಇನ್ನೂ ಉಪಕಾರಿ. ಗುಣಾಕಾರ ಬೇಕೇ, ಪದಗಳನ್ನು ಹೋಲಿಸಬೇಕೇ, ಅಂಕಿಗಳನ್ನು ಏರಿಕೆಯ ಕ್ರಮದಲ್ಲಿ ಜೋಡಿಸಬೇಕೇ, ಎಲ್ಲ ಸಿದ್ಧವಾಗಿದೆ. ಪ್ರತಿಯೊಂದಕ್ಕೂ ಎಷ್ಟು ಬೈಟ್ ಬೇಕು, ಎಷ್ಟು ಹೊತ್ತು ಬೇಕು ಎಂಬ ವಿವರವೂ ಉಂಟು. 6502ಗೆ ಗುಣಿಸಲು ಬರುವುದಿಲ್ಲ. ಕೂಡುವುದು, ಕಳೆಯುವುದು, ಒಂದು ಬಿಟ್ ಪಕ್ಕಕ್ಕೆ ಸರಿಸುವುದು, ಇಷ್ಟರಲ್ಲೇ ಸಂಸಾರ. ಶುರುವಿನಲ್ಲಿ ಬಂದ ಚಿಪ್ಪುಗಳಲ್ಲಂತೂ ಬಿಟ್ಟುಗಳನ್ನು ಬಲಕ್ಕೆ ಉರುಳಿಸುವ ‘ಆರ್‌ಒಆರ್’ ಆಜ್ಞೆಯೂ ಇರಲಿಲ್ಲ. ಹೀಗಿರುವಾಗ ಗುಣಾಕಾರದ ಹದಿನೈದು ಸಾಲು ಬರೆದುಕೊಟ್ಟವರಿಗೆ ಕೈ ಮುಗಿಯಬೇಕು. ಆದರೂ ಇವು ಚಿಪ್ಪಿನ ಪುಸ್ತಕಗಳೇ.

ಟೊರಾಂಟೊದ ಬಟರ್‌ಫೀಲ್ಡ್

ಯಂತ್ರದ ಪುಸ್ತಕ ಎಂದರೆ ಏನು ಎಂಬುದಕ್ಕೆ ನನಗೆ ಗೊತ್ತಿರುವ ಅತ್ಯುತ್ತಮ ಉದಾಹರಣೆ ಜಿಮ್ ಬಟರ್‌ಫೀಲ್ಡ್ 1984ರಲ್ಲಿ ಬರೆದ ‘ಮಷಿನ್ ಲಾಂಗ್ವೇಜ್ ಫಾರ್ ದ ಕಾಮೊಡೋರ್ 64 ಆ್ಯಂಡ್ ಅದರ್ ಕಾಮೊಡೋರ್ ಕಂಪ್ಯೂಟರ್ಸ್’. ಬಟರ್‌ಫೀಲ್ಡ್ ಕೆನಡಾದ ಟೊರಾಂಟೊದವರು. ಕಾಮೊಡೋರ್ ಬಳಸುವವರ ವಲಯದಲ್ಲಿ ಅವರ ಮಾತೆಂದರೆ ಮಾತು. ಯಾವ ವಿಳಾಸದಲ್ಲಿ ಏನಿದೆ ಎಂಬ ಮೆಮೊರಿ ನಕ್ಷೆಗಳನ್ನು ತಾವೇ ಕೂತು ಬಿಡಿಸಿ, ಪತ್ರಿಕೆಗಳಲ್ಲಿ ಹಂಚಿದರು. ಮೆಮೊರಿಯನ್ನು ಇಣುಕಿ ನೋಡಲು, ತಿದ್ದಲು ‘ಸೂಪರ್‌ಮಾನ್’ ಎಂಬ ಮಾನಿಟರ್ ಪ್ರೋಗ್ರಾಮ್ ಬರೆದು ಎಲ್ಲರಿಗೂ ಬಿಟ್ಟಿಯಾಗಿ ಕೊಟ್ಟರು. 2007ರಲ್ಲಿ ತೀರಿಕೊಂಡರು.

ಪುಸ್ತಕದ ಮೊದಲ ಪ್ರಯೋಗ ನೋಡಿ. ಮೆಮೊರಿಯ ಅಕ್ಕಪಕ್ಕದ ಎರಡು ಮನೆಗಳಲ್ಲಿ ಎರಡು ಅಂಕಿಗಳಿವೆ. ಅವನ್ನು ಅದಲು ಬದಲು ಮಾಡಬೇಕು. ಒಂದನ್ನು ಎ ರಿಜಿಸ್ಟರಿಗೆ, ಇನ್ನೊಂದನ್ನು ಎಕ್ಸ್ ರಿಜಿಸ್ಟರಿಗೆ ಎತ್ತಿಕೊಂಡು, ಸ್ಥಾನ ಬದಲಿಸಿ ವಾಪಸ್ ಇಟ್ಟರಾಯಿತು. ನಾಲ್ಕು ಆಜ್ಞೆ, ಮೇಲೊಂದು ನಿಲುಗಡೆ, ಒಟ್ಟು 13 ಬೈಟ್. ಝಾಕ್ಸ್ ಅವರ ಕೂಡುವ ಲೆಕ್ಕಕ್ಕಿಂತ ಇದೇನೂ ದೊಡ್ಡದಲ್ಲ. ಆದರೆ ಬಟರ್‌ಫೀಲ್ಡ್ ಓದುಗನನ್ನು ಕೈಬಿಡುವುದಿಲ್ಲ. ಮಾನಿಟರ್ ತೆರೆಯುವುದು ಹೇಗೆ, ಆ ಎರಡು ಮನೆಗಳನ್ನು ಕಣ್ಣಾರೆ ನೋಡುವುದು ಹೇಗೆ, 13 ಬೈಟ್‌ಗಳನ್ನು ಎಲ್ಲಿಡಬೇಕು, ಯಾಕೆ ಅಲ್ಲೇ ಇಡಬೇಕು – ಎಲ್ಲವನ್ನೂ ಮಾಡಿಸುತ್ತಾರೆ. ಆ ಪ್ರೋಗ್ರಾಮಿಗೆ ಅವರು ಆರಿಸಿಕೊಂಡ ಜಾಗ ಕ್ಯಾಸೆಟ್ ಟೇಪಿಗಾಗಿ ಮೀಸಲಿಟ್ಟ ಮೆಮೊರಿ. ಟೇಪ್ ಓಡದಿದ್ದಾಗ ಅದು ಖಾಲಿ ಬಿದ್ದಿರುತ್ತದೆ. ಇಂಥ ಸಂದಿಗೊಂದಿ ತೋರಿಸುವವರೇ ನಿಜವಾದ ಮೇಷ್ಟ್ರು. ಓಡಿಸಿ, ಮತ್ತೆ ನೋಡಿದರೆ ಅಂಕಿಗಳು ಅದಲುಬದಲಾಗಿವೆ. ಮುಂದಿನ ಅಧ್ಯಾಯದಲ್ಲೇ 65490ರ ಬಾಗಿಲು. ಓದುಗ ತೆರೆಯ ಮೇಲೆ ಅಕ್ಷರ ಮೂಡಿಸುತ್ತಾನೆ. ರಿಜಿಸ್ಟರುಗಳ ಪೂರ್ಣ ಪರಿಚಯ, ಫ್ಲ್ಯಾಗುಗಳ ಒಳಗುಟ್ಟು ಇವೆಲ್ಲ ಆಮೇಲೆ, ಬೇಕಾದಾಗ ಬೇಕಾದಷ್ಟು.

ರಿಚರ್ಡ್ ಮ್ಯಾನ್ಸ್‌ಫೀಲ್ಡ್ ಅವರ ‘ಮಷಿನ್ ಲಾಂಗ್ವೇಜ್ ಫಾರ್ ಬಿಗಿನರ್ಸ್’ (1983) ಇದರ ಪಕ್ಕದಲ್ಲಿ ಇಡಬಹುದಾದ ಪುಸ್ತಕ. ಕಂಪ್ಯೂಟ್ ಪತ್ರಿಕೆಯ ಬಳಗದ್ದು. ಬೇಸಿಕ್ ಬಲ್ಲವರನ್ನು ಕೈಹಿಡಿದು ದಾಟಿಸುವುದು ಇದರ ಜಾಣತನ: ಬೇಸಿಕ್‌ನ ಆಜ್ಞೆಗಳನ್ನು ಒಂದೊಂದಾಗಿ ತೆಗೆದುಕೊಂಡು, ಯಂತ್ರಭಾಷೆಯಲ್ಲಿ ಅದನ್ನೇ ಹೇಗೆ ಹೇಳುವುದು ಎಂದು ತೋರಿಸುತ್ತದೆ. ಆಜ್ಞೆಗಳ ಹೆಸರನ್ನು ಅಂಕಿಗಳಾಗಿಸುವ ಒಂದು ಪುಟ್ಟ ಅಸೆಂಬ್ಲರನ್ನೂ ಬೇಸಿಕ್‌ನಲ್ಲೇ ಬರೆದು ಕೊಟ್ಟಿದ್ದಾರೆ. ಆಪಲ್, ಅಟಾರಿ, ಕಾಮೊಡೋರಿನ ಪೆಟ್, ವಿಕ್, 64 ಎಲ್ಲರನ್ನೂ ಓಲೈಸಲು ಹೋಗಿದ್ದರಿಂದ ಅಲ್ಲಲ್ಲಿ ತೆಳ್ಳಗಾಗಿದೆ.

ಆಪಲ್ 2 ಇದ್ದವರ ಅದೃಷ್ಟವೇ ಬೇರೆ. ‘ಕಾಲ್ -151’ ಎಂದು ಟೈಪಿಸಿದರೆ ಸಾಕು, ವೊಜ್ನಿಯಾಕ್ ಬರೆದ ಮಾನಿಟರ್ ಯಂತ್ರದೊಳಗೇ ತೆರೆದುಕೊಳ್ಳುತ್ತಿತ್ತು. 1978ರ ಜನವರಿಯಲ್ಲಿ ಬಂದ ಆಪಲ್ ರೆಫರೆನ್ಸ್ ಮ್ಯಾನುಯಲ್, ಕೆಂಪು ಹೊದಿಕೆಯಿಂದಾಗಿ ‘ಕೆಂಪು ಪುಸ್ತಕ’ ಎಂದೇ ಹೆಸರಾದದ್ದು, ಆ ಮಾನಿಟರಿನ ಪೂರ್ತಿ ಸಾಲುಗಳನ್ನು ಅಚ್ಚು ಹಾಕಿತ್ತು. ರೋಜರ್ ವ್ಯಾಗ್ನರ್ ಸಾಫ್ಟಾಕ್ ಪತ್ರಿಕೆಗೆ ಬರೆಯುತ್ತಿದ್ದ ಅಂಕಣ 1982ರಲ್ಲಿ ‘ಅಸೆಂಬ್ಲಿ ಲೈನ್ಸ್’ ಎಂಬ ಪುಸ್ತಕವಾಯಿತು. ಅಂಕಣವಾಗಿ ಬಂದದ್ದರಿಂದಲೇ ಇರಬೇಕು, ತಿಂಗಳಿಗೆ ಒಂದೇ ತುತ್ತು ಎಂಬ ಹದ ಅದರಲ್ಲಿದೆ.

8085 ಕಲಿತವರಿಗೆ ಒಂದು ಗುಟ್ಟು

ಸ್ಪೆಕ್ಟ್ರಂ ಕಡೆಗೆ ಬಂದರೆ ನಮ್ಮವರಿಗೆ ಒಂದು ಅನುಕೂಲವಿದೆ, ಅದು ಬಹಳ ಜನರಿಗೆ ಗೊತ್ತಿಲ್ಲ.

ಸ್ಪೆಕ್ಟ್ರಂ ಜೊತೆ ಬರುತ್ತಿದ್ದ ಕೈಪಿಡಿ ಸ್ಟೀವನ್ ವಿಕರ್ಸ್ ಬರೆದದ್ದು. ಆ ಯಂತ್ರದ ಬೇಸಿಕ್ ರೋಮ್ ಬರೆದವರಲ್ಲೂ ಅವರೇ ಮುಖ್ಯರು. ಅದರ 26ನೇ ಅಧ್ಯಾಯ ಯಂತ್ರಭಾಷೆಯದು, ಬಹಳ ಚಿಕ್ಕದು. ಉದಾಹರಣೆಗೆ ಕೊಟ್ಟಿರುವುದು ನಾಲ್ಕೇ ಬೈಟ್: 1, 99, 0, 201. ‘ಬಿ ಮತ್ತು ಸಿ ರಿಜಿಸ್ಟರುಗಳ ಜೋಡಿಗೆ 99 ತುಂಬು, ಹಿಂತಿರುಗು.’ ಅದನ್ನು ‘ಯುಎಸ್ಆರ್’ ಮೂಲಕ ಕರೆದರೆ ಬೇಸಿಕ್ ಆ ಜೋಡಿಯಲ್ಲಿರುವುದನ್ನು ಉತ್ತರವಾಗಿ ಕೊಡುತ್ತದೆ. ತೆರೆಯ ಮೇಲೆ 99 ಬರುತ್ತದೆ. ಎ ಅನುಬಂಧದಲ್ಲಿ ಅಕ್ಷರಗಳ ಪಟ್ಟಿಯ ಪಕ್ಕದಲ್ಲೇ 0ಯಿಂದ 255ರವರೆಗಿನ ಪ್ರತಿ ಅಂಕಿಗೂ ಝಡ್80ಯ ಯಾವ ಆಜ್ಞೆ ಎಂದು ಅಚ್ಚಾಗಿದೆ. ಕಂಪ್ಯೂಟರ್ ಕೊಂಡವನಿಗೆ ಬಿಟ್ಟಿಯಾಗಿ ಸಿಕ್ಕ ಆ ಕೈಪಿಡಿಯಲ್ಲಿ ಚಿಪ್ಪಿನ ಪೂರ್ತಿ ಕೋಷ್ಟಕವೇ ಇತ್ತು!

ಈಗ ಆ ನಾಲ್ಕು ಬೈಟ್‌ಗಳನ್ನು ಇಂಟೆಲ್‌ನ 8085 ಚಿಪ್ ಇರುವ ಕಲಿಕೆಯ ಕಿಟ್ಟಿನಲ್ಲಿ ಇಡಿ. ಕರ್ನಾಟಕದ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ, ಎಂಜಿನಿಯರಿಂಗ್ ಓದಿದ ಒಂದೆರಡು ತಲೆಮಾರಿಗೆ ಆ ಕಿಟ್ಟು ಮರೆಯುವಂಥದ್ದಲ್ಲ. ಕೆಲವು ಕಿಟ್ಟುಗಳು ಬೆಂಗಳೂರಿನಲ್ಲೇ ತಯಾರಾದವು. ಹೆಕ್ಸ್ ಕೀಲಿಗಳ ಮಣೆ, ಮೇಲೆ ಕೆಂಪಗೆ ಹೊಳೆಯುವ ಆರು ಅಂಕಿ. ನಾಲ್ಕು ವಿಳಾಸಕ್ಕೆ, ಎರಡು ದತ್ತಾಂಶಕ್ಕೆ. ರಮೇಶ್ ಗಾಂವ್ಕರ್ ಅವರ 8085 ಪುಸ್ತಕ, ರೆಕಾರ್ಡ್ ಬುಕ್ಕು, ಆಪ್‌ಕೋಡ್ ಹಾಳೆ, ಬೆನ್ನ ಹಿಂದೆ ನಿಂತ ಎಕ್ಸ್‌ಟರ್ನಲ್. ಅಲ್ಲಿ 1 ಎಂದರೆ ‘ಎಲ್‌ಎಕ್ಸ್‌ಐ ಬಿ’. 201, ಅಂದರೆ ಹೆಕ್ಸಿನ ಸಿ9, ‘ಆರ್‌ಇಟಿ’. ಬಿ-ಸಿ ಜೋಡಿಗೆ 99 ತುಂಬು, ಹಿಂತಿರುಗು. ಬೈಟ್‌ಗಳು ಅವೇ, ಅರ್ಥವೂ ಅದೇ! 8085 ಮತ್ತು ಝಡ್80 ಎರಡೂ ಇಂಟೆಲ್‌ನ 8080ಯ ಮಕ್ಕಳು. ಝೈಲಾಗ್ ಆಜ್ಞೆಗಳಿಗೆ ಬೇರೆ ಹೆಸರು ಇಟ್ಟಿತು, ಒಳಗಿನ ಅಂಕಿಗಳನ್ನು ಹಾಗೇ ಉಳಿಸಿಕೊಂಡಿತು. ಅಂದರೆ ಲ್ಯಾಬಿನಲ್ಲಿ ‘ಎಂವಿಐ’, ‘ಎಲ್‌ಎಕ್ಸ್‌ಐ’ ಎಂದು ಉರುಹೊಡೆದವರು ಸ್ಪೆಕ್ಟ್ರಂನ ಯಂತ್ರಭಾಷೆಯನ್ನು ಅರ್ಧಕ್ಕರ್ಧ ಆಗಲೇ ಕಲಿತಿದ್ದಾರೆ. ಅವರು ಯಾವ ಆರಂಭಿಕ ಪುಸ್ತಕವನ್ನೂ ಮುಟ್ಟಬೇಕಿಲ್ಲ. ಝಡ್80ಯಲ್ಲಿ ಹೆಚ್ಚಿಗೆ ಇರುವ ಐಎಕ್ಸ್, ಐವೈ ರಿಜಿಸ್ಟರುಗಳು, ಒಂದೇ ಏಟಿಗೆ ಮೆಮೊರಿಯ ದೊಡ್ಡ ತುಂಡನ್ನು ನಕಲು ಮಾಡುವ ‘ಎಲ್‌ಡಿಐಆರ್’, ಹತ್ತಿರದ ಜಿಗಿತಗಳು ಇಷ್ಟನ್ನು ಝಾಕ್ಸ್ ನೋಡಿ ತಿಳಿದರೆ ಸಾಕು. ಇಂಥವರಿಗೆ ಝಾಕ್ಸ್ ಹೇಳಿ ಮಾಡಿಸಿದ ಪುಸ್ತಕ.

ಒಂದೆರಡು ಕಡೆ ಕಾಲು ಜಾರುತ್ತದೆ, ಎಚ್ಚರ. 32 ಎಂಬ ಅಂಕಿ 8085ರಲ್ಲಿ ‘ರಿಮ್’, ಇಂಟರಪ್ಟುಗಳ ಸ್ಥಿತಿ ಓದುವ ಆಜ್ಞೆ. ಝಡ್80ಯಲ್ಲಿ ಅದು ‘ಸೊನ್ನೆ ಅಲ್ಲದಿದ್ದರೆ ಜಿಗಿ’.

ಆದರೆ 8085 ಬಲ್ಲವರಿಗೂ ಸ್ಪೆಕ್ಟ್ರಂ ತೆರೆ ಗೊತ್ತಿರುವುದಿಲ್ಲ. ಅದು 16384ರಿಂದ ಶುರುವಾಗುವ 6144 ಬೈಟ್, ಬಣ್ಣಗಳಿಗೆ ಆಮೇಲೆ 768. ಮೇಲಿಂದ ಕೆಳಕ್ಕೆ ಸಾಲು ಸಾಲಾಗಿ ಜೋಡಿಸಿದ್ದರೆ ಎಷ್ಟು ಚೆನ್ನಾಗಿತ್ತು! ಹಾಗೆ ಜೋಡಿಸಿಲ್ಲ. ತೆರೆಯನ್ನು ಮೂರು ಪಾಲು ಮಾಡಿದ್ದಾರೆ. ಒಂದು ಅಕ್ಷರದೊಳಗೆ ಒಂದು ಗೆರೆ ಕೆಳಗಿಳಿಯಬೇಕಾದರೆ ವಿಳಾಸದಲ್ಲಿ 256 ಮುಂದೆ ಹೋಗಬೇಕು. ಮೊದಲ ನೋಟಕ್ಕೆ ತಲೆಬುಡ ಇಲ್ಲ. ಆದರೆ ವಿಳಾಸ ಎಚ್-ಎಲ್ ಜೋಡಿಯಲ್ಲಿದ್ದರೆ ಎಚ್‌ಗೆ ಒಂದು ಕೂಡಿಸಿದರೆ ಸಾಕು, 256 ಮುಂದೆ ಹೋದಂತೆಯೇ. ಒಂದೇ ಬೈಟಿನ ಆಜ್ಞೆ, ಅಕ್ಷರ ಬಿಡಿಸುವ ಕೆಲಸ ಮಿಂಚಿನ ವೇಗ. ಈ ಸೊಗಸನ್ನು ಝಡ್80ಯ ಪುಸ್ತಕ ಯಾವತ್ತೂ ಹೇಳಲಾರದು. ಹೇಳುವುದು ಟೋನಿ ಬೇಕರ್ ಅವರ ‘ಮಾಸ್ಟರಿಂಗ್ ಮಷಿನ್ ಕೋಡ್ ಆನ್ ಯುವರ್ ಝಡ್‌ಎಕ್ಸ್ ಸ್ಪೆಕ್ಟ್ರಂ’ (1983) ಥರದ ಯಂತ್ರದ ಪುಸ್ತಕಗಳ ಕೆಲಸ.

ಶಾಲೆಗೆ ಬಂದ ಯಂತ್ರ

ಬಿಬಿಸಿ ಮೈಕ್ರೊಗೆ ಭಾರತದ ನಂಟು ಇದೆ. ಶಾಲೆಗಳಲ್ಲಿ ಕಂಪ್ಯೂಟರ್ ಕಲಿಸಲು 1984ರಲ್ಲಿ ಶುರುವಾದ ಕ್ಲಾಸ್ ಯೋಜನೆಯಲ್ಲಿ ದೇಶದ ಶಾಲೆಗಳಿಗೆ ಹಂಚಿದ್ದು ಈ ಯಂತ್ರವನ್ನೇ. ಆಮೇಲೆ ಪಂಜಾಬಿನ ಮೊಹಾಲಿಯ ಸೆಮಿಕಂಡಕ್ಟರ್ ಕಾಂಪ್ಲೆಕ್ಸ್ ಅದನ್ನು ‘ಯುನಿಕಾರ್ನ್’ ಹೆಸರಿನಲ್ಲಿ ತಯಾರಿಸಿತು. ಸೋಫಿ ವಿಲ್ಸನ್ ಬರೆದ ಬಿಬಿಸಿ ಬೇಸಿಕ್‌ನಲ್ಲಿ ಒಂದು ಚಮತ್ಕಾರವಿತ್ತು. ಪ್ರೋಗ್ರಾಮಿನ ನಡುವೆ ಚೌಕ ಕಂಸ ಹಾಕಿ ಅಸೆಂಬ್ಲಿ ಸಾಲುಗಳನ್ನು ಬರೆಯಿರಿ, ಕಂಸ ಮುಚ್ಚಿ ಮತ್ತೆ ಬೇಸಿಕ್‌ಗೆ ಬನ್ನಿ. ಅಸೆಂಬ್ಲರ್ ಬೇರೆ ಕೊಳ್ಳಬೇಕಿಲ್ಲ, ಅಂಕಿಗಳನ್ನು ಕೈಯಲ್ಲಿ ಲೆಕ್ಕ ಹಾಕಬೇಕಿಲ್ಲ. ಯಂತ್ರಭಾಷೆ ಕಲಿಯಲು ಆ ಕಾಲದಲ್ಲಿ ಇದಕ್ಕಿಂತ ಒಳ್ಳೆಯ ಯಂತ್ರ ಇರಲಿಲ್ಲ ಎಂದು ಧೈರ್ಯವಾಗಿ ಹೇಳಬಹುದು. ಇಯನ್ ಬರ್ನ್‌ಬಾಮ್ ಅವರ 1982ರ ಅಸೆಂಬ್ಲಿ ಪುಸ್ತಕ ಈ ಅನುಕೂಲದ ಮೇಲೆಯೇ ನಿಂತದ್ದು. ಹೆಚ್ಚಿನ ವಿವರಕ್ಕೆ ಬ್ರೇ, ಡಿಕನ್ಸ್, ಹೋಮ್ಸ್ ಮೂವರು ಸೇರಿ ಬರೆದ ‘ಅಡ್ವಾನ್ಸ್ಡ್ ಯೂಸರ್ ಗೈಡ್’. ವಿಲ್ಸನ್ ಮತ್ತು ಸ್ಟೀವ್ ಫರ್ಬರ್ ಮುಂದೆ 6502ರ ಸರಳತೆಯನ್ನು ಮನಸ್ಸಿನಲ್ಲಿಟ್ಟುಕೊಂಡೇ ಎಆರ್‌ಎಂ ಪ್ರೊಸೆಸರ್ ರೂಪಿಸಿದರು. ಅದರ ಸಂತತಿ ಈಗ ನಿಮ್ಮ ಜೇಬಿನ ಮೊಬೈಲಿನಲ್ಲಿದೆ.

ಇವೆಲ್ಲಕ್ಕೂ ಮೊದಲು ಓದಬೇಕಾದ ಪುಸ್ತಕ ಮಾತ್ರ ಮಕ್ಕಳದ್ದು. 1983ರಲ್ಲಿ ಲಂಡನ್ನಿನ ಅಸ್‌ಬಾರ್ನ್ ಪ್ರಕಾಶನ ತಂದ ‘ಮಷಿನ್ ಕೋಡ್ ಫಾರ್ ಬಿಗಿನರ್ಸ್’, ಲೀಸಾ ವಾಟ್ಸ್ ಮತ್ತು ಮೈಕ್ ವಾರ್ಟನ್ ಬರೆದದ್ದು. 48 ಪುಟ. ಪುಟ ಪುಟದಲ್ಲೂ ಬಣ್ಣದ ಚಿತ್ರ. ಝಡ್80 ಮತ್ತು 6502 ಎರಡನ್ನೂ ಪಕ್ಕಪಕ್ಕದಲ್ಲಿ ಇಟ್ಟು ಹೇಳುತ್ತದೆ. ಎರಡರ ಸಂಖ್ಯೆಗಳು ಬೇರೆ, ಯೋಚನೆ ಒಂದೇ ಎಂಬುದು ಮಗುವಿಗೂ ಹೊಳೆಯುವಂತಿದೆ. ದೊಡ್ಡವರು ಸಂಕೋಚಪಡದೆ ಒಂದು ಮಧ್ಯಾಹ್ನ ಇದಕ್ಕೆ ಕೊಡಬೇಕು. 2016ರಲ್ಲಿ ಅಸ್‌ಬಾರ್ನ್ ತನ್ನ ಆ ಕಾಲದ ಕಂಪ್ಯೂಟರ್ ಪುಸ್ತಕಗಳನ್ನು ಉಚಿತ ಪಿಡಿಎಫ್ ಆಗಿ ಕೊಟ್ಟಿತು.

109ನೇ ಮನೆಯ ತಪ್ಪು

ಇಷ್ಟೆಲ್ಲ ಓದಿದವರಿಗೆ ಮೂರನೇ ಬಗೆಯ ಪುಸ್ತಕ ಒಂದಿದೆ. ಅದರಲ್ಲಿ ಪಾಠವಿಲ್ಲ, ಅಭ್ಯಾಸವಿಲ್ಲ. ವೃತ್ತಿಯಿಂದ ವೈದ್ಯರಾಗಿದ್ದ ಇಯನ್ ಲೋಗನ್ ಮತ್ತು ಫ್ರಾಂಕ್ ಓಹಾರಾ 1983ರಲ್ಲಿ ಪ್ರಕಟಿಸಿದ ‘ದ ಕಂಪ್ಲೀಟ್ ಸ್ಪೆಕ್ಟ್ರಂ ರೋಮ್ ಡಿಸ್‌ಅಸೆಂಬ್ಲಿ’. ಸ್ಪೆಕ್ಟ್ರಂನ ರೋಮ್‌ನಲ್ಲಿರುವ 16384 ಬೈಟ್‌ಗಳನ್ನೂ ಬಿಡಿಸಿ, ಆಜ್ಞೆಗಳಾಗಿ ಬರೆದು, ಇದು ಯಾಕೆ, ಅದು ಯಾಕೆ ಎಂದು ಟಿಪ್ಪಣಿ ಹಾಕಿದ ಪುಸ್ತಕ. ಕೀಲಿ ಒತ್ತಿದ್ದು ಗೊತ್ತಾಗುವುದು ಹೇಗೆ, ಗೆರೆ ಎಳೆಯುವುದು ಹೇಗೆ, ವರ್ಗಮೂಲ ತೆಗೆಯುವುದು ಹೇಗೆ, ಎಲ್ಲ ಅದರಲ್ಲಿ ಬಿಚ್ಚಿಕೊಳ್ಳುತ್ತದೆ. ಒಂದು ಕಂಪ್ಯೂಟರಿನ ಒಳಗಿರುವ ಪ್ರತಿಯೊಂದು ಬೈಟನ್ನೂ ಒಬ್ಬ ಮನುಷ್ಯ ಓದಿ ಮುಗಿಸಬಹುದಾಗಿದ್ದ ಕಾಲದ ಪುಸ್ತಕ ಅದು.

ಅದನ್ನು ಓದುವವರಿಗೆ ರೋಮ್ ಬರೆದವರ ಎಡವಟ್ಟುಗಳೂ ಸಿಗುತ್ತವೆ. ಸ್ಪೆಕ್ಟ್ರಂ ಅಥವಾ ಅದನ್ನು ಇಂದಿನ ಕಂಪ್ಯೂಟರಿನಲ್ಲಿ ಅನುಕರಿಸುವ ಎಮ್ಯುಲೇಟರ್ ಇದ್ದರೆ ‘ಪ್ರಿಂಟ್ ಪೀಕ್ 109’ ಎಂದು ಕೇಳಿ ನೋಡಿ. ಉತ್ತರ 32, ಮೇಲೆ ಹೇಳಿದ ‘ಸೊನ್ನೆ ಅಲ್ಲದಿದ್ದರೆ ಜಿಗಿ’. ಅಲ್ಲಿರಬೇಕಾದದ್ದು 40, ‘ಸೊನ್ನೆ ಆಗಿದ್ದರೆ ಜಿಗಿ’. ಎನ್‌ಎಂಐ ಎಂಬ ತುರ್ತು ಸಂಕೇತ ಬಂದಾಗ, ಬಳಕೆದಾರ ತಾನೇ ಬರೆದಿಟ್ಟ ವಿಳಾಸಕ್ಕೆ ಹೋಗಬೇಕಿತ್ತು. ವಿಳಾಸ ಬರೆಯದಿದ್ದರೆ ಸುಮ್ಮನೆ ಹಿಂತಿರುಗಬೇಕಿತ್ತು. ಈ ಒಂದು ಬೈಟಿನಿಂದ ಎರಡೂ ತಿರುಗಾಮುರುಗಾ ಆಗಿವೆ: ವಿಳಾಸ ಬರೆದಿದ್ದರೆ ಏನೂ ಆಗುವುದಿಲ್ಲ, ಬರೆಯದಿದ್ದರೆ ಯಂತ್ರವೇ ರಿಸೆಟ್. ಕೈಪಿಡಿಯಲ್ಲಿ ಆ ವಿಳಾಸ ಇಡುವ ಜಾಗದ ಮುಂದೆ ‘ಬಳಕೆಯಲ್ಲಿಲ್ಲ’ ಎಂದು ಬರೆದು ಕೈತೊಳೆದುಕೊಂಡಿದ್ದಾರೆ. ಅಳಿಸಲಾಗದ ರೋಮ್ ಆದ್ದರಿಂದ ಮಾರಾಟವಾದ ಯಂತ್ರಗಳಲ್ಲಿ ತಪ್ಪು ಹಾಗೇ ಕೂತಿದೆ. ಇಂಥದೊಂದನ್ನು ಸ್ವಂತ ಕಣ್ಣಿನಿಂದ ಓದಿ ಅರ್ಥಮಾಡಿಕೊಂಡ ದಿನ ಫ್ಲ್ಯಾಗ್ ಎಂದರೇನು ಎಂಬುದು ತಲೆಗೆ ಇಳಿದಷ್ಟು ಯಾವ ಅಧ್ಯಾಯದಿಂದಲೂ ಇಳಿಯುವುದಿಲ್ಲ.

6502 ಕಡೆಯವರಿಗೆ ಈಚೆಗೆ ಇಂಥದೇ ಸುಗ್ಗಿ. ಬಿಲ್ ಗೇಟ್ಸ್ ಮತ್ತು ರಿಕ್ ವೈಲ್ಯಾಂಡ್ ಬರೆದ, ಪೆಟ್‌ನಿಂದ ಆಪಲ್‌ವರೆಗೆ ಹಲವು ಯಂತ್ರಗಳ ಬೇಸಿಕ್‌ಗೆ ಮೂಲವಾದ 6502 ಬೇಸಿಕ್‌ನ ಅಸೆಂಬ್ಲಿ ಸಾಲುಗಳನ್ನು ಮೈಕ್ರೊಸಾಫ್ಟ್ 2025ರ ಸೆಪ್ಟೆಂಬರಿನಲ್ಲಿ ಎಲ್ಲರಿಗೂ ಮುಕ್ತವಾಗಿ ಬಿಟ್ಟಿತು. ಕಾಮೊಡೋರ್ ಪೆಟ್‌ನ ಒಂದು ಬೇಸಿಕ್ ಆವೃತ್ತಿಯಲ್ಲಿ ‘ವೇಟ್ 6502,1’ ಎಂದು ಟೈಪಿಸಿದರೆ ತೆರೆಯ ಮೇಲೆ ‘ಮೈಕ್ರೊಸಾಫ್ಟ್!’ ಎಂದು ಬರುತ್ತಿತ್ತು. ಗೇಟ್ಸ್ ಬಳಗ ಗುಟ್ಟಾಗಿ ಹಾಕಿದ ರುಜು. ಇದರ ಪಕ್ಕದಲ್ಲಿ ಝಡ್80ಯ ಸುದ್ದಿ ಸ್ವಲ್ಪ ಸಪ್ಪೆ. 48 ವರ್ಷ ತಯಾರಿಸಿದ ಮೇಲೆ ಝೈಲಾಗ್ 2024ರಲ್ಲಿ ಆ ಹಳೆಯ ಚಿಪ್ಪಿನ ಕೊನೆಯ ಆರ್ಡರುಗಳನ್ನು ತೆಗೆದುಕೊಂಡು ಅದರ ತಯಾರಿಕೆಗೆ ಬಾಗಿಲು ಹಾಕಿತು. 6502ರ ವಂಶದ ಚಿಪ್ಪುಗಳು ಈಗಲೂ ಹೊಸದಾಗಿ ಸಿಗುತ್ತವೆ.

ಪುಸ್ತಕ ಸಿಗುವುದು ಕಷ್ಟವಲ್ಲ. ಹೆಚ್ಚಿನವು ಇಂಟರ್ನೆಟ್ ಆರ್ಕೈವ್‌ನಲ್ಲಿ ಸ್ಕ್ಯಾನ್ ಆಗಿ ಕೂತಿವೆ. ವ್ಯಾಗ್ನರ್ ಅವರದು 2014ರಲ್ಲಿ ಹೊಸದಾಗಿ ಅಚ್ಚಾಗಿದೆ. ಕಾಗದದ ಝಾಕ್ಸ್ ಬೇಕೆಂದರೆ ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೇ ಪುಸ್ತಕದ ರಾಶಿಯಲ್ಲಿ ಗಾಂವ್ಕರ್ ಪ್ರತಿಗಳ ಅಡಿಯಲ್ಲಿ ಕೈಹಾಕಿ ನೋಡಬಹುದು, ಸಿಕ್ಕರೆ ಸಿಕ್ಕೀತು. ಯಂತ್ರ ಕೊಳ್ಳಬೇಕೆಂದೂ ಇಲ್ಲ. ಕಾಮೊಡೋರ್‌ಗೆ ‘ವೈಸ್’, ಸ್ಪೆಕ್ಟ್ರಂಗೆ ‘ಫ್ಯೂಸ್’ ಎಮ್ಯುಲೇಟರುಗಳು ಪುಕ್ಕಟೆ. ಎಮ್ಯುಲೇಟರಿನಲ್ಲಿ ಪ್ರೋಗ್ರಾಮ್ ಕೆಟ್ಟು ಎಲ್ಲ ನಿಂತುಹೋದರೆ, ಮೊದಲೇ ಉಳಿಸಿಟ್ಟುಕೊಂಡ ಸ್ಥಿತಿಗೆ ಒಂದು ಕ್ಷಣದಲ್ಲಿ ಮರಳಬಹುದು. 1984ರ ಹುಡುಗ ಸ್ವಿಚ್ ಆರಿಸಿ, ಕ್ಯಾಸೆಟ್ಟಿನಿಂದ ಎಲ್ಲವನ್ನೂ ಮತ್ತೆ ಲೋಡ್ ಮಾಡಿಕೊಳ್ಳಬೇಕಿತ್ತು. ಆದರೂ ಆ ಕಾಲದ ಪುಸ್ತಕಗಳು ಪದೇ ಪದೇ ಹೇಳುವ ‘ಓಡಿಸುವ ಮೊದಲು ಸೇವ್ ಮಾಡಿ’ ಎಂಬ ಎಚ್ಚರಿಕೆಯನ್ನು ಈಗಲೂ ಮರೆಯಬಾರದು.

ಬೇಸಿಕ್ ಅಲ್ಪಸ್ವಲ್ಪ ಬರುತ್ತದೆ, ಯಂತ್ರಭಾಷೆ ಹೊಸದು ಎನ್ನುವವರು ಅಸ್‌ಬಾರ್ನ್ ಮುಗಿಸಿ ಬಟರ್‌ಫೀಲ್ಡ್ ಹಿಡಿಯಲಿ, ಲೆವೆಂಥಾಲ್ ಪಕ್ಕದಲ್ಲಿರಲಿ. 8085 ಓದಿದವರು ವಿಕರ್ಸ್ ಅವರ 26ನೇ ಅಧ್ಯಾಯದಿಂದ ನೇರವಾಗಿ ಬೇಕರ್‌ಗೆ ಹೋಗಲಿ, ಅಲ್ಲಿಂದ ಲೋಗನ್ ಮತ್ತು ಓಹಾರಾಗೆ. ಅವರ ಹಳೇ ಆಪ್‌ಕೋಡ್ ಹಾಳೆ ಅಟ್ಟದ ಮೇಲೆ ಎಲ್ಲಾದರೂ ಉಳಿದಿದ್ದರೆ ಅದನ್ನೂ ಕೆಳಗಿಳಿಸಿಕೊಳ್ಳಲಿ, ಅರ್ಧದಷ್ಟು ಕೆಲಸಕ್ಕೆ ಅದೇ ಸಾಕು.